ತಮ್ಮನ ಯಂತ್ರಕ್ಕೆ ನಾನು ಮಾಡಿದ ಪೂಜೆ

ನನ್ನ ತಮ್ಮ ಚಹಾವನ್ನು ಯಾವತ್ತೂ ಪೂರ್ತಿ ಕುಡಿದವನಲ್ಲ. ಅರ್ಧ ಲೋಟ ಆಗುವಷ್ಟರಲ್ಲಿ ಏನೋ ನೆನಪಾಗಿ ಎದ್ದುಬಿಡುತ್ತಿದ್ದ. ಡೊಂಬಿವಲಿ ಪೂರ್ವದಲ್ಲಿ ನಾನು ಕೆಲಸ ಮಾಡುವ ಹೋಟೆಲಿಗೆ ಬಂದಾಗ ವೇಟರುಗಳು ಅವನಿಗೆಂದೇ ಕಟಿಂಗ್, ಅಂದರೆ ಅರ್ಧ ಲೋಟದ ಚಹಾ, ತಂದಿಡುತ್ತಿದ್ದರು. ಅದರಲ್ಲೂ ಅರ್ಧ ಉಳಿಸುತ್ತಿದ್ದ. "ನಿಮ್ಮ ತಮ್ಮನಿಗೆ ಚಮಚದಲ್ಲಿ ಕೊಡಬೇಕು" ಎಂದು ಅವರು ನನ್ನನ್ನು ಚುಡಾಯಿಸುತ್ತಿದ್ದರು.

ಅವನು ಹೋಗಿ ಎರಡು ವರ್ಷವಾಯಿತು. ನಲವತ್ಮೂರು ವಯಸ್ಸು. ನಮ್ಮ ಬಳಗದ ಪತ್ರಿಕೆಯವರು ಅವನ ಬಗ್ಗೆ ಎರಡು ಪುಟ ಬೇಕು ಎಂದಾಗ ಅವನ ಹೆಂಡತಿ ನನಗೆ ಫೋನ್ ಮಾಡಿದಳು. "ಭಾವ, ನೀವೇ ಬರೀರಿ. ಬೇರೆಯವರು ಬರೆದರೆ ಕಂಪ್ಯೂಟರ್ ವಿಷಯ ಬರೀತಾರೆ, ಇವರ ವಿಷಯ ಬರೆಯೋದಿಲ್ಲ" ಅಂದಳು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಈ ಕಡೆ ಬಂದವನು. ಹೋಟೆಲಿನ ಉಗ್ರಾಣದಲ್ಲಿ ಇಪ್ಪತ್ತು ವರ್ಷ, ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ. ಚೀಟಿ ಬಿಟ್ಟು ಬೇರೇನೂ ಬರೆದವನಲ್ಲ. ಕಾಗುಣಿತ ತಪ್ಪಿದ್ದಲ್ಲಿ ಸಂಪಾದಕರು ತಿದ್ದಿಕೊಳ್ಳಲಿ. ಆದರೆ ನಾನು ಮಾಡಿದ ಒಂದು ಕೆಲಸವನ್ನೂ ಇದರಲ್ಲಿ ಬರೆಯುತ್ತಿದ್ದೇನೆ. ಅದನ್ನು ಮಾತ್ರ ತಿದ್ದಬಾರದು.

ನಮ್ಮ ಮನೆಮಾತು ತುಳು. ನಾವಿಬ್ಬರು ಆಡಿಕೊಂಡದ್ದೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಅವನ ವ್ಯಾಪಾರ ಏನೆಂದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಮೊದಲು ಮಹಾಪೆಯ ಒಂದು ಕಂಪನಿಯಲ್ಲಿ ಇದ್ದ. ಆಮೇಲೆ ಕೋಪರಖೈರಣೆಯಲ್ಲಿ ಒಂದು ಸಾಲುಮನೆಯ ಕೆಳಗಿನ ಎರಡು ಕೋಣೆ ಹಿಡಿದು ಸ್ವಂತ ಶುರು ಮಾಡಿದ. ಹೊರಗಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಒಳಗಿನ ಕೋಣೆಯಲ್ಲಿ ಹಗಲೂ ರಾತ್ರಿ ಏಸಿ, ಅದರ ತಂಪಿನಲ್ಲಿ ಎರಡು ಕಂಪ್ಯೂಟರ್ ಯಂತ್ರ. ಕೇಟರಿಂಗಿನವರು, ಟ್ಯೂಷನ್ ಕ್ಲಾಸಿನವರು, ಹಲ್ಲಿನ ಡಾಕ್ಟರು, ನಮ್ಮ ಊರಿನವರ ಸಂಘಗಳು, ಹೀಗೆ ನಲವತ್ತು ಐವತ್ತು ಜನರ ವೆಬ್‌ಸೈಟು ಆ ಎರಡು ಯಂತ್ರದೊಳಗೆ ಇತ್ತು.

"ಎಂತ ವ್ಯಾಪಾರ ಮಾರಾಯ ಇದು? ಜಾಗ ಬಾಡಿಗೆಗೆ ಕೊಡ್ತೇನೆ ಅಂತಿ. ನಿನ್ನ ಹತ್ರ ಕಾಲು ಚಾಚಲಿಕ್ಕೆ ಜಾಗ ಇಲ್ಲ" ಎಂದು ನಾನು ಕೇಳಿದ್ದೆ.

"ನಿನ್ನ ಉಗ್ರಾಣದಲ್ಲಿ ಎಷ್ಟು ಜನರ ಊಟ ಇದೆ ಅಣ್ಣ? ಅಲ್ಲಿ ಅವರು ಕೂತಿದ್ದಾರಾ? ಇಲ್ಲ ಅಲ್ವಾ? ಇದೂ ಹಾಗೇ."

ಅವನು ಯಾರಿಗೆ ಏನು ಹೇಳಬೇಕಾದರೂ ಅವರ ಕೆಲಸದ ಮಾತಿನಲ್ಲೇ ಹೇಳುತ್ತಿದ್ದ. ಒಮ್ಮೆ ಸಾನಪಾಡಾದ ಒಬ್ಬ ಕೇಟರಿಂಗ್ ಮಾಲೀಕರು ನಮ್ಮ ಹೋಟೆಲಿನಲ್ಲೇ ಅವನನ್ನು ಹಿಡಿದು ಕೂರಿಸಿದರು. ಅವರ ವೆಬ್‌ಸೈಟು ತೆರೆಯುವಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋಗುತ್ತಾನೆ ಎಂದು ದೂರು.

"ಧಣಿ, ಗಿರಾಕಿ ಬಂದು ಕೂತ ಮೇಲೆ ನೀವು ಅಕ್ಕಿ ನೆನೆಸ್ಲಿಕ್ಕೆ ಹಾಕ್ತೀರಾ?" ತಮ್ಮ ಕೇಳಿದ.

"ಹುಚ್ಚಾ ನಿಂಗೆ? ಹಿಟ್ಟು ತಯಾರಿರ್ತದೆ."

"ನಿಮ್ಮ ವೆಬ್‌ಸೈಟು ಈಗ ಪ್ರತಿ ಗಿರಾಕಿಗೂ ಅಕ್ಕಿ ನೆನೆಸ್ತಾ ಇದೆ. ಜಾಸ್ತಿ ಹೋಗುವ ನಾಲ್ಕು ಐಟಂ ನಾನು ಮಾಡಿ ಕೌಂಟರಿನಲ್ಲೇ ಇಡ್ತೇನೆ. ಕೇಳಿದ ಕೂಡಲೇ ಕೊಡುವುದು."

ಅದಕ್ಕೆ ಕ್ಯಾಶೆ ಎನ್ನುತ್ತಾರೆಂದು ನನಗೆ ಆಮೇಲೆ ಹೇಳಿದ. ಆ ಮಾಲೀಕರು ಖುಷಿಯಾದರು. ಆದರೆ ದೀಪಾವಳಿಯ ವಾರ ಕೂಗಾಡುತ್ತಾ ಫೋನ್ ಮಾಡಿದರು. ಅವರ ಪುಟದಲ್ಲಿ ಇನ್ನೂ ಶ್ರಾವಣದ ಉಪವಾಸದ ಊಟವೇ ಕಾಣುತ್ತಿತ್ತಂತೆ. ಮಾಡಿಟ್ಟದ್ದನ್ನು ಬದಲಿಸಲು ತಮ್ಮ ಮರೆತಿದ್ದ. ಅಂದಿನಿಂದ ತನ್ನ ಮೇಜಿನ ಎದುರಿನ ಗೋಡೆಯಲ್ಲಿ ಒಂದು ಕಾಗದ ಅಂಟಿಸಿಕೊಂಡ. "ನಿನ್ನೆಯ ಚಟ್ನಿ ಇವತ್ತು ಬಡಿಸಬೇಡ" ಎಂದು ಕನ್ನಡದಲ್ಲಿ ದಪ್ಪಗೆ ಬರೆದಿದ್ದ. ಬಂದ ಮರಾಠಿ ಗಿರಾಕಿಗಳೆಲ್ಲ ಅದು ಯಾವ ದೇವರ ಮಂತ್ರ ಎಂದು ಕೇಳುತ್ತಿದ್ದರು.

ತಪ್ಪು ಮಾಡಿದರೆ ಅಡಗಿಸುವ ಗುಣ ಅವನದ್ದಲ್ಲ. ಇದನ್ನು ಮುಂದಿನ ಮಾತಿಗಾಗಿ ಹೇಳುತ್ತಿಲ್ಲ, ಚಿಕ್ಕಂದಿನಿಂದಲೂ ಹಾಗೇ ಇದ್ದ. ಆ ಕೇಟರಿಂಗಿನವರಿಗೆ, "ನನ್ನ ಮರೆವು ಧಣಿ, ನಿಮ್ಮದೇನೂ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಬೈಯಲು ಬಂದವರಿಗೆ ಬೈಯುವ ರುಚಿಯೇ ಉಳಿಯುತ್ತಿರಲಿಲ್ಲ.

ಠಾಕುರ್ಲಿಯ ಮನೆಯಿಂದ ಕೋಪರಖೈರಣೆಗೆ ಹೋಗಲು ಡೊಂಬಿವಲಿಗೆ ಬಂದು ಫಾಸ್ಟ್ ಲೋಕಲ್ ರೈಲು ಹಿಡಿಯುತ್ತಿದ್ದ, ಠಾಣೆಯಲ್ಲಿ ಗಾಡಿ ಬದಲಿಸುತ್ತಿದ್ದ. ಹೊಸ ವೆಬ್‌ಸೈಟು ಹಾಕಿದರೆ ಮರುದಿನ ಆ ನೂಕುನುಗ್ಗಲಿನಲ್ಲೇ ಮೊಬೈಲು ತಲೆಯ ಮೇಲೆ ಎತ್ತಿ ಹಿಡಿದು ತೆರೆದು ನೋಡುತ್ತಿದ್ದ. ಮುಂಬ್ರಾ ದಾಟಿದಾಗ ಬೆರಳು ಒತ್ತಬೇಕು, ಪಾರಸಿಕ್ ಸುರಂಗಕ್ಕೆ ಗಾಡಿ ನುಗ್ಗುವ ಮೊದಲು ಪುಟ ತೆರೆದಿರಬೇಕು. ಸುರಂಗದಲ್ಲಿ ಸಿಗ್ನಲ್ ಇರುವುದಿಲ್ಲ. "ಸುರಂಗದ ಈಚೆ ತೆರೆದರೆ ಪಾಸ್, ಆಚೆ ತೆರೆದರೆ ಫೇಲ್" ಎನ್ನುತ್ತಿದ್ದ. ಅವನ ಗಾಡಿಯ ಗೆಳೆಯರು ದಿನವೂ ಕೇಳುತ್ತಿದ್ದರಂತೆ, "ಕ್ಯಾ ಅಣ್ಣಾ, ಆಜ್ ಪಾಸ್ ಕಿ ಫೇಲ್?"

ಒಳಗಿನ ಕೋಣೆಗೆ ಹೋದರೆ ಯಂತ್ರದ ಮೈಗೆ ಅಂಗೈ ಹಿಂಭಾಗ ತಾಗಿಸಿ ನೋಡುತ್ತಿದ್ದ, ಮಕ್ಕಳ ಜ್ವರ ನೋಡುವ ಹಾಗೆ. ಆಮೇಲೆ ಕಣ್ಣು ಮುಚ್ಚಿ ಡಿಸ್ಕು ತಿರುಗುವ ಸದ್ದು ಕೇಳುತ್ತಿದ್ದ. ಸದ್ದು ಕೆಟ್ಟರೆ ಇನ್ನೆಷ್ಟು ದಿನ ಬಾಳುತ್ತದೆ ಎಂದು ಹೇಳಬಲ್ಲವನಾಗಿದ್ದ.

ಒಂದು ದಿನ ಹೋಟೆಲಿಗೆ ಬಂದು ಕಿಸೆಯಿಂದ ಒಂದು ಚಪ್ಪಟೆ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟ. ಚಿಕ್ಕಿಯ ಪೊಟ್ಟಣದಷ್ಟು ಅಗಲ, ಅದಕ್ಕಿಂತ ಹಗುರ.

"ಇದೆಂತ?"

"ಎಸ್‌ಎಸ್‌ಡಿ. ಡಿಸ್ಕೇ, ಆದರೆ ಒಳಗೆ ತಿರುಗುವುದು ಏನೂ ಇಲ್ಲ. ನಿನ್ನ ಉಗ್ರಾಣದಲ್ಲಿ ಏಣಿ ಹತ್ತಿ ಅಟ್ಟದಿಂದ ಡಬ್ಬ ಇಳಿಸ್ತಿ ಅಲ್ಲ? ಇದರಲ್ಲಿ ಏಣಿ ಇಲ್ಲ, ಅಟ್ಟವೂ ಇಲ್ಲ. ಎಲ್ಲ ಕೈಗೆ ಎಟಕುವ ಹಾಗೆ."

ಆಗಿನ್ನೂ ಅವು ದುಬಾರಿ. ಸುತ್ತಮುತ್ತ ಅವನ ಮಟ್ಟದ ವ್ಯಾಪಾರದವರು ಯಾರೂ ಹಾಕಿರಲಿಲ್ಲ. ಅವನು ಹಾಕಿದ. ಮೊದಲ ದಿನ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಒಂದು ಉದ್ದಿನವಡೆ ತಿಂದು ಮುಗಿಸುವಷ್ಟು ಹೊತ್ತು ಹಿಡಿಯುತ್ತಿದ್ದ ಪುಟ, ಬೆರಳು ಎತ್ತುವ ಮೊದಲೇ ತೆರೆದುಕೊಂಡಿತು. ಅಭ್ಯಾಸದಂತೆ ಕಣ್ಣು ಮುಚ್ಚಿ ಯಂತ್ರದ ಹತ್ತಿರ ಕಿವಿ ತಂದ. ನಕ್ಕ. "ಸದ್ದೇ ಇಲ್ಲ ಅಣ್ಣ. ಇದು ಜೀವ ಉಂಟಾ ಇಲ್ಲವಾ ಅಂತ ಹೇಗೆ ತಿಳಿಯುವುದು?"

ಆಮೇಲಿನ ಒಂದೂವರೆ ವರ್ಷ ಅವನ ಹೆಸರು ಬೆಳೆಯಿತು. ಠಾಣೆಯ ಒಂದು ವಿದ್ಯಾರ್ಥಿವೇತನದ ಟ್ರಸ್ಟು, ನಮ್ಮ ಕಡೆಯ ಬಡ ಮಕ್ಕಳಿಗೆ ಕಾಲೇಜಿಗೆ ಸಹಾಯ ಮಾಡುವಂಥದ್ದು, ತನಗೆ ಬರುವ ಅರ್ಜಿಗಳನ್ನೆಲ್ಲ ಅವನ ಯಂತ್ರದ ಮೂಲಕವೇ ತೆಗೆದುಕೊಳ್ಳಲು ಒಪ್ಪಿತು. ಅದು ಅವನಿಗೆ ದೊಡ್ಡ ಮಾತು. ಕೊನೆಯ ದಿನಗಳಲ್ಲಿ ನೂರಾರು ಮಕ್ಕಳು ಒಟ್ಟಿಗೆ ಬಂದು ಮುತ್ತುತ್ತಾರೆ ಎಂದು ಗೊತ್ತಿತ್ತು. ಅದಕ್ಕೆ ಇನ್ನೊಂದು ಏರ್ಪಾಡು ಮಾಡಿದ. ಬಂದ ಅರ್ಜಿಯನ್ನು ಯಂತ್ರ ಮೊದಲು ನೆನಪಿನಲ್ಲಿ ಇಟ್ಟುಕೊಂಡು "ಮುಟ್ಟಿತು" ಎಂದು ಹೇಳಿಬಿಡುತ್ತದೆ, ಆಮೇಲೆ ಬಿಡುವಾದಾಗ ಒಟ್ಟಿಗೆ ಡಿಸ್ಕಿಗೆ ಇಳಿಸುತ್ತದೆ. ಕರೆಂಟು ಹೋದರೆ ನೆನಪು ಅಳಿಯುತ್ತದೆ. ಅದಕ್ಕೆ, ಕರೆಂಟು ಹೋದರೂ ಬ್ಯಾಟರಿಯಿಂದ ಯಂತ್ರ ನಡೆಸುವ ಒಳ್ಳೆಯ ಯುಪಿಎಸ್ ಇತ್ತು. ಆ ವರ್ಷಗಳಲ್ಲಿ ಠಾಕುರ್ಲಿ, ಡೊಂಬಿವಲಿ, ಕಲ್ಯಾಣ ಎಲ್ಲ ಕಡೆ ಗಂಟೆಗಟ್ಟಲೆ ಲೋಡ್‌ಶೆಡ್ಡಿಂಗ್ ಕಂಡವರು ನಾವು. ಕೋಪರಖೈರಣೆಯಲ್ಲಿ ಕರೆಂಟು ಹೋಗುವುದು ಬಹಳ ಅಪರೂಪ. ಆಫೀಸು ಅಲ್ಲಿ ಮಾಡಿದ್ದೇ ಅದಕ್ಕೆ.

ಅರ್ಜಿಯ ಕೊನೆಯ ದಿನ ಆಯುಧಪೂಜೆಯಂದೇ ಬಂತು. ತಮ್ಮ ಠಾಣೆಯ ಟ್ರಸ್ಟಿನ ಆಫೀಸಿನಲ್ಲಿ ಕೂತು ಅರ್ಜಿ ಬರುವುದನ್ನು ನೋಡಿಕೊಳ್ಳಬೇಕಿತ್ತು. ಬೀಗದ ಕೈ ನನಗೆ ಕೊಟ್ಟ.

"ಅಣ್ಣ, ಪೂಜೆ ನೀನೇ ಮಾಡು. ಹೊರಗಿನ ಮೇಜಿಗೆ, ಬಾಗಿಲಿಗೆ ಕುಂಕುಮ ಹಚ್ಚಿ ಒಂದು ಕಾಯಿ ಒಡೆದರೆ ಸಾಕು. ಒಳಗಿನ ಕೋಣೆಗೆ ಹೋಗುವುದು ಬೇಡ ಆಯ್ತಾ?"

"ಆಯ್ತು ಮಾರಾಯ, ನಾನೇನು ಪೂಜೆ ಕಾಣದವನಾ?" ಅಂದೆ.

ಹನ್ನೊಂದು ಗಂಟೆಗೆ ಸ್ನಾನ ಮಾಡಿದ ಮೈಯಲ್ಲಿ ಹೂವು, ಕಾಯಿ, ಊದುಬತ್ತಿ ಹಿಡಿದು ಹೋದೆ. ಮೇಜಿಗೆ ಕುಂಕುಮ ಹಚ್ಚಿದೆ. ಮನಸ್ಸು ಒಪ್ಪಲಿಲ್ಲ. ಅನ್ನ ಕೊಡುವ ಯಂತ್ರ ಒಳಗಿದೆ, ನಾನು ಮರದ ಮೇಜಿಗೆ ಪೂಜೆ ಮಾಡುತ್ತಿದ್ದೇನೆ. ಒಳಗೆ ಹೋದೆ.

ಇಲ್ಲಿ ನಮ್ಮ ಹೋಟೆಲಿನ ಕ್ರಮವನ್ನು ಹೇಳಬೇಕು. ಆಯುಧಪೂಜೆಯ ದಿನ ಗ್ರೈಂಡರು, ಮಿಕ್ಸಿ, ಕಾಯಿ ತುರಿಯುವ ಯಂತ್ರ ಎಲ್ಲವನ್ನೂ ನಿಲ್ಲಿಸಿ, ಪ್ಲಗ್ ಕಿತ್ತು, ತೊಳೆದು ಒರೆಸಿ, ಆಮೇಲೆಯೇ ಹೂವು ಇಡುವುದು. ತಿರುಗುತ್ತಿರುವ ಯಂತ್ರಕ್ಕೆ ಹೂವು ಇಟ್ಟರೆ ಅದು ಪೂಜೆಯಲ್ಲ, ಅಪಚಾರ ಎಂದು ನನಗೆ ಕೆಲಸ ಕಲಿಸಿದ ಭಟ್ಟರು ಹೇಳಿದ್ದರು. ವರ್ಷವಿಡೀ ದುಡಿದದ್ದು ಆ ಹೊತ್ತಾದರೂ ಸುಮ್ಮನಿರಬೇಕು. ವರ್ಷಗಟ್ಟಲೆ ಹಾಗೇ ಮಾಡಿಕೊಂಡು ಬಂದ ಕೈ ನನ್ನದು.

ಗೋಡೆಯ ಪ್ಲಗ್ ಕಿತ್ತೆ. ಯಂತ್ರ ನಿಲ್ಲಲಿಲ್ಲ. ಕೆಳಗಿನ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಪೂಜೆಯ ಹೊತ್ತಿಗೆ ಇದೆಂಥ ಅಪಶಕುನ ಎನಿಸಿತು. ಅದರ ಗುಂಡಿಯನ್ನು ಒತ್ತಿ ಹಿಡಿದೆ. ಕೂಗು ನಿಂತಿತು. ಎರಡೂ ಯಂತ್ರಗಳ ಹಸಿರು ದೀಪ ಆರಿತು. ಏಸಿಯ ಗಾಳಿ ಬಿಟ್ಟರೆ ಕೋಣೆಯಲ್ಲಿ ಅಷ್ಟು ನಿಶ್ಶಬ್ದ ನಾನು ಯಾವತ್ತೂ ಕೇಳಿರಲಿಲ್ಲ. ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟೆ. ಅವನ ವ್ಯಾಪಾರ ಚೆನ್ನಾಗಿ ನಡೆಯಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡೆ.

ಊದುಬತ್ತಿ ಇನ್ನೂ ಅರ್ಧ ಉರಿದಿರಲಿಲ್ಲ, ಫೋನು ಬಂತು.

"ಅಣ್ಣ, ಎಲ್ಲಿದ್ದಿ? ಅಲ್ಲಿ ಕರೆಂಟ್ ಉಂಟಾ?" ತಮ್ಮ ಕೇಳಿದ. "ಇಲ್ಲಿ ಎಲ್ಲ ನಿಂತುಹೋಯ್ತು. ಮಕ್ಕಳು ಅರ್ಜಿ ಹಾಕ್ತಾ ಇದ್ದರು."

ನಾನು ಮಾಡಿದ್ದು ಏನೆಂದು ನನಗೆ ಆ ಕ್ಷಣಕ್ಕೆ ತಿಳಿಯಿತು. ಪೂರ್ತಿ ತಿಳಿಯಲಿಲ್ಲ, ಹೆದರಿಕೆಯಾಗುವಷ್ಟು ತಿಳಿಯಿತು.

"ಕರೆಂಟ್ ಹೋಗಿದೆ" ಅಂದೆ.

"ಯುಪಿಎಸ್?"

"ಅದೂ ಕೂಗಿ ಕೂಗಿ ನಿಂತಿತು."

"ಒಳಗೆ ಹೋಗಿ ನೋಡಿದ್ಯಾ?"

"ಕೂಗಿದ್ದು ಕೇಳಿ ಹೋದೆ" ಅಂದೆ. ಫೋನು ಕಿವಿಯಲ್ಲಿ ಇಟ್ಟುಕೊಂಡೇ ಪ್ಲಗ್ ಹಾಕಿದೆ, ಗುಂಡಿ ಒತ್ತಿದೆ. "ಈಗ ಬಂತು ನೋಡು."

ಅವನು ಬರುವ ಮೊದಲು ಯಂತ್ರದ ಮೇಲಿನ ಹೂವು ತೆಗೆದು, ಕುಂಕುಮ ಒರೆಸಿದೆ.

ಆ ದಿನ ಬೆಳಿಗ್ಗೆಯಿಂದ ಬಂದು, ಯಂತ್ರಕ್ಕೆ ಬಿಡುವಾಗದೆ ನೆನಪಿನಲ್ಲೇ ಉಳಿದಿದ್ದ ಅರ್ಜಿಗಳೆಲ್ಲ ಅಳಿಸಿಹೋಗಿದ್ದವು. ಹಿಂದಿನ ದಿನದವರೆಗಿನ ಪ್ರತಿ ಮಾತ್ರ ಬೇರೆ ಕಡೆ ಇತ್ತು. ಟ್ರಸ್ಟಿನವರು ಎರಡು ದಿನ ಹೆಚ್ಚು ಕೊಟ್ಟರು, ಮತ್ತೊಮ್ಮೆ ಅರ್ಜಿ ಹಾಕಿ ಎಂದು ಪ್ರಕಟಣೆ ಹಾಕಿದರು. ಆದರೆ "ಮುಟ್ಟಿತು" ಎಂದು ಓದಿದ ಮಕ್ಕಳು ಮತ್ತೆ ಯಾಕೆ ನೋಡುತ್ತಾರೆ? ತಮ್ಮ ಆ ಎರಡು ದಿನ ಕಲ್ಯಾಣ, ಠಾಣೆ, ವಾಶಿ ಎಲ್ಲ ಸುತ್ತಿದ. ಸಂಘಗಳಿಗೆ, ಹೋಟೆಲುಗಳಿಗೆ ಹೋಗಿ "ನಿಮ್ಮಲ್ಲಿ ಯಾರ ಮಕ್ಕಳಾದರೂ ಅರ್ಜಿ ಹಾಕಿದ್ದಾರಾ" ಎಂದು ಒಬ್ಬೊಬ್ಬರನ್ನೇ ಕೇಳಿದ. ಹೆಚ್ಚಿನವರು ಸಿಕ್ಕಿದರು. ನಾಲ್ಕು ಮಕ್ಕಳು ಸಿಗಲಿಲ್ಲ. ತಿಂಗಳ ಮೇಲೆ ಅವರ ತಂದೆತಾಯಿ ವಿಚಾರಿಸಲು ಬಂದಾಗಲೇ ಗೊತ್ತಾದದ್ದು. ಆ ವರ್ಷದ ಸಹಾಯ ಆ ಮಕ್ಕಳಿಗೆ ತಪ್ಪಿತು.

"ಹೇಗೆ ಹೋಯ್ತು ಅದು?" ಎಂದು ನಾನೇ ಕೇಳಿದೆ. ಕೇಳದಿದ್ದರೆ ಅನುಮಾನ ಬರುತ್ತದೆ ಎಂದು ಕೇಳಿದ್ದು.

"ಹತ್ತು ಟೇಬಲಿನ ಆರ್ಡರ್ ತಲೆಯಲ್ಲಿ ಇಟ್ಟುಕೊಂಡ ವೇಟರ್, ಅಡಿಗೆಮನೆ ಬಾಗಿಲಲ್ಲಿ ತಲೆತಿರುಗಿ ಬಿದ್ದ ಹಾಗೆ ಅಣ್ಣ. ಅಂಥವನನ್ನು ನಂಬಿದ್ದು ನನ್ನ ತಪ್ಪು."

ವೇಟರ್ ತಾನಾಗಿ ಬೀಳಲಿಲ್ಲ, ಕಾಲು ಅಡ್ಡ ಕೊಟ್ಟವನು ನಾನು ಎಂದು ಬಾಯಿಯವರೆಗೆ ಬಂತು. ನುಂಗಿದೆ.

ಯುಪಿಎಸ್ ಹಾಕಿಕೊಟ್ಟ ಮರಾಠಿ ಮನುಷ್ಯನನ್ನು ತಮ್ಮ ಕರೆಸಿದ. ಠಾಕುರ್ಲಿಯಲ್ಲಿ ಅವನ ಬ್ಯಾಟರಿ ಅಂಗಡಿ. ಲೋಡ್‌ಶೆಡ್ಡಿಂಗಿನ ಕಾಲದಿಂದ ನಮಗೆ ಪರಿಚಯ. ಅವನು ಮೀಟರು ಇಟ್ಟು ಮೂರು ಸಲ ಪರೀಕ್ಷೆ ಮಾಡಿ, "ಸಾಹೇಬ, ಬ್ಯಾಟರಿ ಏಕದಮ್ ಚಾಂಗಲೀ ಆಹೇ, ಚೆನ್ನಾಗಿಯೇ ಇದೆ. ಒಂದು ಗಂಟೆ ಎಳೀತದೆ. ತಾನಾಗಿ ಬಂದ್ ಆಗೋದು ಸಾಧ್ಯವೇ ಇಲ್ಲ" ಅಂದ.

"ನಮ್ಮ ಅಣ್ಣ ಇಲ್ಲೇ ಇದ್ದ" ಅಂದ ತಮ್ಮ.

"ಅವರಿಗೆ ಸರಿಯಾಗಿ ತಿಳಿದಿರಲಿಕ್ಕಿಲ್ಲ. ಯಾರೋ ಗುಂಡಿ..."

"ಅಣ್ಣ ನಿಂತು ನೋಡಿದ್ದಾನೆ. ಅವನು ಸುಳ್ಳು ಹೇಳ್ತಾನಾ?"

ನಾನು ಅಲ್ಲೇ ಇದ್ದೆ. ಆ ಮನುಷ್ಯ ನನ್ನ ಮುಖ ನೋಡಿದ. ನಾನು ಏಸಿಯ ಕಡೆ ನೋಡಿದೆ. ಅವನು ಮೀಟರು ಚೀಲಕ್ಕೆ ಹಾಕಿಕೊಂಡು ಹೋದ. ತಮ್ಮ ಮತ್ತೆ ಅವನನ್ನು ಕರೆಯಲಿಲ್ಲ. ತಮ್ಮನ ಮಾತಿನ ಮೇಲೆ ಅವನಲ್ಲಿ ಬ್ಯಾಟರಿ ಕೊಳ್ಳುತ್ತಿದ್ದ ನಮ್ಮವರೂ ಬೇರೆ ಕಡೆ ಹೋದರು.

ಟ್ರಸ್ಟಿನ ಪುಟದಲ್ಲಿ ತಮ್ಮ ತನ್ನ ಹೆಸರು ಹಾಕಿ "ಈ ತಪ್ಪು ನನ್ನದು" ಎಂದು ಬರೆದ. ಅವರು ಮರುವರ್ಷ ಬೇರೆಯವರಲ್ಲಿಗೆ ಹೋದರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ಅವನೊಳಗೆ ಆದದ್ದು. ವೇಗದ ಮೇಲೇ ನಂಬಿಕೆ ಹೋಗಿ ಆ ಚಪ್ಪಟೆ ಡಬ್ಬಿಗಳನ್ನು ಕಿತ್ತು, ಹಳೆಯ ತಿರುಗುವ ಡಿಸ್ಕುಗಳನ್ನೇ ಮತ್ತೆ ಹಾಕಿದ. ನೆನಪಿನಲ್ಲಿ ಇಡುವುದೇ ಬೇಡ, ಪ್ರತಿಯೊಂದನ್ನೂ ಬರೆದ ಮೇಲೆಯೇ ಉತ್ತರ ಕೊಡಲಿ ಎಂದು ಯಂತ್ರಕ್ಕೆ ಹೇಳಿದ. ಪುಟಗಳು ಮತ್ತೆ ನಿಧಾನವಾದವು. ಅಷ್ಟರಲ್ಲಿ ಉಳಿದವರೆಲ್ಲ ಎಸ್‌ಎಸ್‌ಡಿ ಹಾಕತೊಡಗಿದ್ದರು. ಎಲ್ಲರಿಗಿಂತ ಮೊದಲು ಹಾಕಿದವನು ಎಲ್ಲರಿಗಿಂತ ಹಿಂದೆ ಬಿದ್ದ. ಗಾಡಿಯಲ್ಲಿ ಮೊಬೈಲು ಎತ್ತಿ ಹಿಡಿಯುವುದೂ ನಿಂತಿತು. ಎರಡು ವರ್ಷದೊಳಗೆ ಆಫೀಸು ಮುಚ್ಚಿ ಐರೋಳಿಯ ಒಂದು ಕಂಪನಿಯಲ್ಲಿ ಪಾಳಿಯ ಕೆಲಸಕ್ಕೆ ಸೇರಿದ. ಅಲ್ಲಿ ಯಾವ ಡಿಸ್ಕು ಹಾಕಬೇಕು, ಹೇಗೆ ವೇಗ ಮಾಡಬೇಕು ಎಂದು ಯಾರಾದರೂ ಕೇಳಿದರೆ "ನನ್ನನ್ನು ಕೇಳಬೇಡಿ" ಎನ್ನುತ್ತಿದ್ದನಂತೆ. ಅವನ ಹೆಂಡತಿ ಹೇಳಿದ್ದು.

ಆ ವರ್ಷಗಳಲ್ಲಿ ನಾನು ಅವನನ್ನು ಪ್ರತಿ ಭಾನುವಾರ ನೋಡುತ್ತಿದ್ದೆ. ಹೇಳಲು ಹೊರಟದ್ದು ಎಷ್ಟು ಸಲವೋ. ಮೊದಲ ತಿಂಗಳು ಹೆದರಿಕೆ. ಆಮೇಲೆ, ಇಷ್ಟು ತಡವಾಗಿ ಹೇಳಿದರೆ ತಪ್ಪಿಗಿಂತ ತಡವೇ ದೊಡ್ಡದಾಗುತ್ತದೆ ಎನ್ನುವ ಲೆಕ್ಕಾಚಾರ. ಕೊನೆಗೆ, ಅವನು ಮರೆತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೃದಯದ ತೊಂದರೆಯಾಗಿ ಕಲ್ಯಾಣದ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಾಗ ಹಗಲಿಡೀ ಅವನ ಪಕ್ಕ ಕೂತವನು ನಾನೇ. ಎಚ್ಚರದಲ್ಲೇ ಇದ್ದ, ಮಾತಾಡುತ್ತಿದ್ದ. ನಾನು ಹೋಟೆಲಿಗೆ ಬಂದ ಹೊಸ ದೋಸೆಭಟ್ಟನ ವಿಷಯ ಹೇಳಿ ಅವನನ್ನು ನಗಿಸಿದೆ. ಮೂರು ದಿನವೂ ಅದನ್ನೇ ಮಾಡಿದೆ.

ಇಲ್ಲಿಯವರೆಗೆ ಬರೆದದ್ದನ್ನು ಪತ್ರಿಕೆಗೆ ಕೊಡುವ ಮೊದಲು ಠಾಕುರ್ಲಿಗೆ ಹೋಗಿ ಅವನ ಹೆಂಡತಿಗೆ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊದಮೊದಲು ನಗುತ್ತಿದ್ದಳು. ಪೂಜೆಯ ಭಾಗ ಬಂದಾಗ ಕೈ ನಿಂತಿತು. ಓದಿ ಮುಗಿಸಿದಾಗ ಮೊರವನ್ನು ಪಕ್ಕಕ್ಕೆ ಇಟ್ಟಳು.

"ಅವತ್ತೇ ಹೇಳಿದ್ದರೆ ಅವರು ನಗ್ತಿದ್ದರು ಭಾವ" ಅಂದಳು. "ಒಂದು ದಿನ ಬೈದು, ಆಮೇಲೆ ವರ್ಷವಿಡೀ ಎಲ್ಲರ ಹತ್ರ ಹೇಳಿಕೊಂಡು ನಗ್ತಿದ್ದರು. ಆಫೀಸು ಮುಚ್ಚುತ್ತಿರಲಿಲ್ಲ."

ನಾನು ಕಾಗದ ಮಡಚಿದೆ. ಇದನ್ನು ಕೊಡಲೋ ಬೇಡವೋ ಎಂದು ಕೇಳಿದೆ.

"ಕೊಡಿ. ಮಗಳು ಓದಬೇಕು. ಅಪ್ಪ ಕೆಲಸ ಸರಿಯಾಗಿ ತಿಳಿಯದವರು ಅಂತ ಅವಳ ತಲೆಯಲ್ಲಿ ಕೂತಿದೆ." ಮತ್ತೆ ಅಕ್ಕಿಗೆ ಕೈ ಹಾಕಿದಳು. "ಆ ಬ್ಯಾಟರಿಯವರ ಅಂಗಡಿ ಇನ್ನೂ ಇದೆ, ಸ್ಟೇಷನ್ ಹತ್ರ. ಕಾಗದ ಕೊಟ್ಟರೆ ಅವರು ಕನ್ನಡ ಓದೋದಿಲ್ಲ. ಹೋಗಿ ಬಾಯಲ್ಲೇ ಹೇಳಿ."

ಅಲ್ಲಿಂದ ನೇರ ಹೋದೆ. ಅಂಗಡಿ ಚಿಕ್ಕದಾಗಿದೆ, ಅವನ ಕೂದಲು ಬೆಳ್ಳಗಾಗಿದೆ. ನನ್ನ ಗುರುತು ಹಿಡಿದ. ಕುರ್ಚಿಯ ಮೇಲಿದ್ದ ವೈರುಗಳನ್ನು ತೆಗೆದು ಕೂರಿಸಿದ. ನನ್ನ ಹರಕು ಮರಾಠಿಯಲ್ಲಿ, ಅವತ್ತು ಕರೆಂಟು ಹೋಗಿರಲಿಲ್ಲ, ನಿಮ್ಮ ಬ್ಯಾಟರಿ ಸರಿಯಿತ್ತು, ಪ್ಲಗ್ ಕಿತ್ತು ಗುಂಡಿ ಒತ್ತಿದ್ದು ನಾನು ಎಂದು ಹೇಳಿದೆ. ಅವನು ಕೋಪ ಮಾಡಲಿಲ್ಲ. ಒಳಗೆ ತಿರುಗಿ ಹೆಂಡತಿಯನ್ನು ಕರೆದ. "ಕೇಳಿದೆಯಾ? ಕೋಪರಖೈರಣೆಯ ಆ ಬ್ಯಾಟರಿ ಚೆನ್ನಾಗಿಯೇ ಇತ್ತಂತೆ. ನಾನು ಹೇಳಿದ್ದೆನಲ್ಲ?" ಅಂದ. ಅವನ ಮುಖದಲ್ಲಿ ಬಂದ ಬೆಳಕನ್ನು ನನಗೆ ನೋಡಲಾಗಲಿಲ್ಲ. ಇಷ್ಟು ವರ್ಷ ಅವನೂ ತನ್ನ ಮೀಟರನ್ನು ನಂಬದೆ ಇದ್ದನೋ ಏನೋ.

ತಮ್ಮ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು. ಒಳ್ಳೆಯ ಮನುಷ್ಯ, ಎಲ್ಲರೊಡನೆ ಮರ್ಯಾದೆಯಿಂದ ಮಾತಾಡುತ್ತಿದ್ದವನು ಎಂದ. ಆಮೇಲೆ ಕುತೂಹಲದಿಂದ ಕೇಳಿದ:

"ನೀವು ಇದನ್ನು ಹೇಳಿದಾಗ ಅವರೇನಂದರು?"

"ಅವನಿಗೆ ಹೇಳಲಿಲ್ಲ" ಅಂದೆ.